ಬಾಲ ಬಿಡದ ಕಣ್ಣಿ

ಬಾವಿಗೆ ಮೋಟಾರು ಬಿದ್ದರೂ ಹೆಣ ಬಿದ್ದರೂ ತಮಿಳುನಾಡಿನ ಕಂಬಂ ಸೀಮೆಯವರು ಕರೆಯುತ್ತಿದ್ದದ್ದು ಗೂಡಲೂರಿನ ರಾಮ್‌ಕುಮಾರನನ್ನೇ. ಮೋಟಾರು ತೆಗೆದ ದಿನ ಕಾಫಿ ಕೈಗೆ ಕೊಡುತ್ತಿದ್ದರು. ಹೆಣ ತೆಗೆದ ದಿನ ಲೋಟವನ್ನು ದೂರದಲ್ಲಿ ನೆಲಕ್ಕಿಟ್ಟು ಸರಿಯುತ್ತಿದ್ದರು. ಹೊಳೆ ದಾಟುವ ತನಕ ಅಂಬಿಗ, ಆಮೇಲೆ ಅವನ್ಯಾರೋ! ಮೂವತ್ತೆರಡಾದರೂ ಅವನಿಗೆ ಹೆಣ್ಣು ಕೊಡುವವರಿರಲಿಲ್ಲ.

ಅಂಥವನನ್ನು ಅಂಡಮಾನಿನ ಡೈವಿಂಗ್ ಕಂಪನಿಯೊಂದು ಪರೀಕ್ಷೆಗೆ ಕರೆಯಿತು. ಪ್ರವಾಸಿಗರಿಗೆ ಕಡಲಡಿಯ ಮೀನು ತೋರಿಸುವ ಕೆಲಸ. ಬದುಕಿರುವವರ ಕೈ ಹಿಡಿದು ನೀರಿಗಿಳಿಯಬಹುದು! ಮೂರು ದಿನ ಅವನಿಗೆ ನೆಲವೇ ಕಾಣಲಿಲ್ಲ.

ಸ್ವಂತ ಸರಂಜಾಮು ತರಬೇಕೆಂಬುದು ಷರತ್ತು. ವಿಮಾನಕ್ಕೆ ಭಾರವೆಂದು ಉಕ್ಕಿನ ಬೆನ್ನುಹಲಗೆ ಬಿಚ್ಚಿಟ್ಟು ಬಟ್ಟೆಯದನ್ನು ತರಿಸಿದ. ಉಸಿರಾಡುವ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಹೊರಲು ಅದಕ್ಕೊಂದು ಉದ್ದನೆಯ ಪಟ್ಟಿ. ಹೆಗಲಿಂದ ಇಳಿದು, ಕಂಕುಳಡಿ ಹಾದು, ಸೊಂಟದ ಕೊಂಡಿಗೆ ಸೇರುತ್ತದೆ. ಎತ್ತು ಕಟ್ಟುವ ಹಗ್ಗದ ಹೆಸರೇ ಮನೆಯಲ್ಲಿ ಅದಕ್ಕೂ ಬಿತ್ತು: ಕಣ್ಣಿ. ಸಿಲಿಂಡರ್ ಕಟ್ಟಿ ಮುಳುಗುವುದನ್ನು ಅವನು ಕಲಿತದ್ದು ಬಾವಿಯಲ್ಲೇ. ಈಗಲೂ ಬಾವಿಗಿಳಿಯುವವನಂತೆ ಬರೀ ಚಡ್ಡಿಯಲ್ಲಿ ಜಗಲಿಯ ಮೇಲೆ ನಿಂತು ಮೈಗೆ ಸರಿಯಾಗಿ ಬಿಗಿದ. ಸೊಂಟದ ಬಳಿ ಗೇಣುದ್ದ ಪಟ್ಟಿ ಉಳಿದು ನೇತಾಡಿತು.

ಎತ್ತು ಕಟ್ಟಿಯೇ ಬೆರಳು ಸವೆದ ಅಪ್ಪ ಅಯ್ಯಾವುಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಕಣ್ಣಿಗೆ ಬಾಲ ಬುಡ್ತಾರೇನ್ಲಾ ತಂಬಿ? ಕಂಡೋರ್ ಕೈಗೆ ಸಿಕ್ತದೆ. ಕತ್ತರ್ಸು."

ಆ ಮನೆತನದಲ್ಲಿ ಹಗ್ಗಕ್ಕೆ ಬಾಲ ಬಿಟ್ಟವರೇ ಇಲ್ಲ. ರಾಮ್‌ಕುಮಾರ್ ಕತ್ತರಿಸಿ, ಎಳೆ ಬಿಚ್ಚದಂತೆ ತುದಿಯನ್ನು ದೀಪಕ್ಕೆ ಹಿಡಿದು ಸುಟ್ಟ. ಕಣ್ಣಿಯನ್ನು ಮಡಿಸಿಟ್ಟರೆ ಒಂದು ಮಡಿಸಿದ ಪಂಚೆಯಷ್ಟಾಯಿತು. ಅಪ್ಪ ಮಗ ಇಬ್ಬರೂ ಬೀಗಿದರು.

ಅಂಡಮಾನಿನ ದೋಣಿಯಲ್ಲಿ ಎಲ್ಲರಿಗೂ ದಪ್ಪ ರಬ್ಬರ್ ಉಡುಪು ಕೊಟ್ಟರು. ಅದರ ಮೇಲೆ ಕಣ್ಣಿ ತೊಟ್ಟರೆ ಪಟ್ಟಿಯ ತುದಿ ಕೊಂಡಿಗೆ ನಾಲ್ಕು ಬೆರಳು ದೂರದಲ್ಲೇ ನಿಂತಿತು. ಉಸಿರು ಬಿಗಿಹಿಡಿದ, ಹೊಟ್ಟೆ ಒಳಗೆಳೆದ, ಎಟುಕಲಿಲ್ಲ. ಬರಿಮೈಯಲ್ಲೇ ಇಳಿಯುತ್ತೇನೆಂದು ಗೋಗರೆದ. ಉಳಿದವರು ಮುಸಿಮುಸಿ ನಕ್ಕರು.

ಪರೀಕ್ಷಕ ಜೆಯರಾಜ್ ಗದರಲೂ ಇಲ್ಲ. "ನಿನ್ನ ಪಟ್ಟಿಯನ್ನೇ ಅಳೆಯಲಾರದ ನಿನಗೆ ಇನ್ನೊಬ್ಬರ ಜೀವ ಹೇಗಪ್ಪಾ ಒಪ್ಪಿಸಲಿ?" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ ಹೆಸರು ಹೊಡೆದುಹಾಕಿದ. ಮಾತಿನಲ್ಲಿ ತಪ್ಪಿರಲಿಲ್ಲ. ರಾಮ್‌ಕುಮಾರ್ ಕಣ್ಣಿ ಕಳಚಿ ಚೀಲಕ್ಕೆ ತುರುಕಿದ.

ಮನೆಗೆ ಬಂದು ಅಪ್ಪನಿಗೆ, "ಕೆಲ್ಸ ಸಿಗ್ಲಿಲ್ಲ" ಎಂದಷ್ಟೇ ಹೇಳಿದ. ಬಾಲದ ಸುದ್ದಿ ಎತ್ತಲಿಲ್ಲ.

ಮೂರನೇ ದಿನ ಆಂಡಿಪಟ್ಟಿಯಿಂದ ಕರೆ ಬಂತು: ಬಾವಿಯಲ್ಲಿ ಹೆಣ. ಅಂಗಿ ಕಳಚಿ ಕಣ್ಣಿ ತೊಟ್ಟ. ಕೊಂಡಿ ಟಕ್ಕನೆ ಕೂತಿತು. ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಳಾದ್ದು, ಇಲ್ಲಿಗೆಂದೇ ಅಳೆದ ಹಾಗಿತ್ತು.

ಅವನು ಮೇಲೆ ಬರುವಷ್ಟರಲ್ಲಿ ಕಾಫಿಯ ಲೋಟವನ್ನು ದೂರದಲ್ಲಿ ನೆಲದ ಮೇಲೆ ಇಟ್ಟಿದ್ದರು.