ಭಾವನ ಮೀಸೆಯ ಪಥ್ಯ

ನಾನು ಮಸಗುಪ್ಪಿಗೆ ಸೊಸೆಯಾಗಿ ಬಂದ ಮರುವರ್ಷ ನಮ್ಮ ಭಾವನ ಮೀಸೆಗೆ ಕಾಯಿಲೆಯಾಯಿತು. ಭಾವ ಎಂದರೆ ನನ್ನ ಗಂಡನ ಅಣ್ಣ, ಮನೆಯ ಯಜಮಾನರು, ಊರ ಸೊಸೈಟಿಯ ಚೇರ್ಮನ್ನರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪೇಟೆಯ ಗಂಡಸರು ಮೀಸೆ ಸಣ್ಣ ಮಾಡಿಕೊಳ್ಳುತ್ತಿದ್ದರೆ ನಮ್ಮ ಭಾವ ಅದನ್ನು ಕೆನ್ನೆಯವರೆಗೆ ಬೆಳೆಸಿದ್ದರು. ಸಭೆಯಲ್ಲಿ ಬಾಯಿ ತೆರೆಯುವ ಮೊದಲು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ತಿರುವುತ್ತಿದ್ದರು. ಅಷ್ಟರಲ್ಲೇ ಎದುರಿನವರ ಅರ್ಧ ತಕರಾರು ಇಳಿದುಹೋಗುತ್ತಿತ್ತಂತೆ. ಒಂದು ಬೆಳಿಗ್ಗೆ ಬಲಗಡೆ ತಿರುವಲು ಹೋದರೆ ಬೆರಳಿಗೆ ಬರೀ ಚರ್ಮ ಸಿಕ್ಕಿತು. ಮೂಗಿನ ಪಕ್ಕದಲ್ಲಿ ಎಂಟಾಣೆಯಗಲದ ನುಣ್ಣನೆಯ ಜಾಗ.

ಅತ್ತೆ ನೋಡಿ, ಹುಳ ತಿಂದಿದೆ ಎಂದರು. ಚೇರ್ಮನ್ನರ ಮೀಸೆಯನ್ನು ಹುಳ ತಿನ್ನುವುದೆಂದರೇನು? ಭಾವ ಅಂದಿನಿಂದ ಟವೆಲ್ಲನ್ನು ಮೂಗಿನವರೆಗೆ ಸುತ್ತಿಕೊಂಡು ತಿರುಗತೊಡಗಿದರು. ಹಲ್ಲು ಕೀಳಿಸಿಕೊಂಡಿರಬೇಕು ಎಂದು ಊರವರು ತಿಳಿದರು. ಭಾವನೂ ಹೌದೆಂದರು.

ಮೊದಲು ಗೋಕಾಕಿಗೆ ಹೋದರು. ಅಲ್ಲೊಬ್ಬರು ಆಯುರ್ವೇದ ಓದಿದ ಡಾಕ್ಟರು. ಬೋರ್ಡಿನ ಮೇಲೆ ತುಳಸಿ ಗಿಡದ ಚಿತ್ರ, ಒಳಗೆ ಸೂಜಿ ಮತ್ತು ಸಲಾಯಿನ್ ಬಾಟಲಿ. ಅವರು ಮೀಸೆ ನೋಡಿ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಗಿಡಮೂಲಿಕೆಯದೇನೂ ಇಲ್ಲವೇ ಎಂದು ಭಾವ ಕೇಳಿದ್ದಕ್ಕೆ, ಅದನ್ನು ಕೊಟ್ಟರೆ ಜನ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದರಂತೆ. ಸೊಂಟ ನೋಯಿತು, ಮೀಸೆ ಬರಲಿಲ್ಲ.

ಆಮೇಲೆ ಯಾರೋ ಹುಕ್ಕೇರಿ ಕಡೆ, ನಿಡಸೋಸಿಯ ಹತ್ತಿರದ ಹಳೆಯ ವೈದ್ಯರೊಬ್ಬರ ಸುದ್ದಿ ಹೇಳಿದರು. ಅವರು ನಾಡಿ ಹಿಡಿದು, ನಾಲಿಗೆ ನೋಡಿ, ಇದು ಇಂದ್ರಲುಪ್ತ ಎಂದರು. ಪಿತ್ತ ಕೆರಳಿ ವಾತದ ಜೊತೆ ಸೇರಿ ಕೂದಲು ಉದುರಿಸುತ್ತದೆ, ಆಮೇಲೆ ಕಫ ಬಂದು ಬೇರಿನ ಬಾಯಿ ಮುಚ್ಚುತ್ತದೆ ಎಂದು ಬಿಡಿಸಿ ಹೇಳಿದರು. ಭಾವನಿಗೆ ಉಳಿದದ್ದು ಎಷ್ಟು ತಿಳಿಯಿತೋ ಗೊತ್ತಿಲ್ಲ, ಇಂದ್ರನ ಹೆಸರು ಮಾತ್ರ ಬಹಳ ಹಿಡಿಸಿತು. ಮರುದಿನವೇ ಟವೆಲ್ಲು ತೆಗೆದು ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ರೋಗದ ಹೆಸರು ಹೇಳಿದರು.

ಕುಡಿಯಲು ಕಷಾಯ, ಹಚ್ಚಲು ಎಣ್ಣೆ, ಜೇನಿನಲ್ಲಿ ಕಲಸಿ ನೆಕ್ಕಲು ಒಂದು ಪುಡಿ. ನಮ್ಮದು ಜೈನರ ಮನೆ, ಜೇನುತುಪ್ಪ ಹೊಸ್ತಿಲು ದಾಟುವುದಿಲ್ಲ. ಭಾವ ಹಿಂಜರಿಯುತ್ತ ಅದನ್ನು ಹೇಳಿದಾಗ ವೈದ್ಯರು, ಹಾಗಾದರೆ ತುಪ್ಪದಲ್ಲಿ ತಗೊಳ್ಳಿ ಎಂದರಂತೆ. ಶಾಸ್ತ್ರ ಇಷ್ಟು ಸಲೀಸಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಊಟದ ವಿಷಯದಲ್ಲಿ ಮಾತ್ರ ಅವರು ಬಿಗಿ. ಖಾರ ಬಂದ್, ಹುಳಿ ಬಂದ್, ಉಪ್ಪು ಹೆಸರಿಗಷ್ಟೇ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಮೊದಲೇ ಇಲ್ಲದ ಅಡುಗೆಮನೆಯಿಂದ ಮೆಣಸಿನಕಾಯಿಯೂ ಹೊರಟಿತು. ಅತ್ತೆ ಕೆಂಪು ಚಟ್ನಿಯ ಭರಣಿಯನ್ನು ಅಟ್ಟಕ್ಕೆ ಏರಿಸಿದರು. ಮನೆಯ ಹಿರಿಯ ಸಪ್ಪೆ ಉಣ್ಣುವಾಗ ಉಳಿದವರು ಖಾರ ತಿನ್ನುವುದು ಚೆಂದವಲ್ಲ ಎಂದು ಎಲ್ಲರಿಗೂ ಅದೇ ಪಥ್ಯ. ಹೊತ್ತು ಮುಳುಗುವ ಮೊದಲು ನಾವೆಲ್ಲ ಸಾಲಾಗಿ ಕೂತು, ರೊಟ್ಟಿಯನ್ನು ಹೆಸರುಬೇಳೆಯ ನೀರಿನಲ್ಲಿ ಅದ್ದಿ, ಒಬ್ಬ ಗಂಡಸಿನ ಮೂಗಿನ ಕೆಳಗಿನ ಕೂದಲಿಗಾಗಿ ಉಂಡೆವು. ನನ್ನ ಗಂಡ ಕಬ್ಬಿನ ಹೊಲಕ್ಕೆ ಹೋಗುವಾಗ ಕಿಸೆಯಲ್ಲಿ ಹಸಿಮೆಣಸಿನಕಾಯಿ ಬಚ್ಚಿಟ್ಟುಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ನನ್ನ ನೆಗೆಣ್ಣಿಯ, ಎಂದರೆ ಭಾವನ ಹೆಂಡತಿಯ, ತಲೆಗೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಮೂರನೆಯ ಬಾಣಂತನ ಮುಗಿದು ಕೆಲವು ತಿಂಗಳಾಗಿತ್ತು. ಬಾಚಿದರೆ ಬಾಚಣಿಗೆಯ ತುಂಬ, ಮಲಗಿ ಎದ್ದರೆ ದಿಂಬಿನ ತುಂಬ. ಬೈತಲೆ ದಿನದಿನಕ್ಕೆ ಅಗಲವಾಗುತ್ತಿತ್ತು. ಈ ರೋಗಕ್ಕೆ ನಮ್ಮ ಮನೆಯಲ್ಲಿ ಸಂಸ್ಕೃತದ ಹೆಸರೇನೂ ಇರಲಿಲ್ಲ. ಅಡುಗೆಯಲ್ಲಿ ಬೀಳದ ಹಾಗೆ ಸೆರಗು ಬಿಗಿಯಾಗಿ ಹೊದ್ದುಕೋ ಎಂದಷ್ಟೇ ಅತ್ತೆ ಹೇಳುತ್ತಿದ್ದರು. ಒಮ್ಮೆ ತಟ್ಟೆಯಲ್ಲಿ ಒಂದು ಎಳೆ ಸಿಕ್ಕಿತೆಂದು ಭಾವ ಊಟ ಬಿಟ್ಟು ಎದ್ದುಹೋದರು. ಅಂದು ಪಾತ್ರೆ ತಿಕ್ಕುತ್ತ ಅಕ್ಕ, ಮೀಸೆಯಲ್ಲಿ ಹುಟ್ಟಿದ್ದರೆ ಇದಕ್ಕೂ ಬೆಲೆ ಬರುತ್ತಿತ್ತು ಎಂದಳು.

ಎಷ್ಟು ಪಥ್ಯ ಮಾಡಿದರೂ ಮೀಸೆ ಮೊಳೆಯಲಿಲ್ಲ. ವೈದ್ಯರಿಗೆ ಅಡುಗೆಯವರ ಮೇಲೆ ಅನುಮಾನ ಬಂತು. ಮುಂದಿನ ಸಲ ಹೆಂಡತಿಯನ್ನೂ ಕರೆತನ್ನಿ, ಕಷಾಯ ಕುದಿಸುವ ಕ್ರಮ ಹೇಳಿಕೊಡುತ್ತೇನೆ ಎಂದರು. ಹೀಗೆ ಅಕ್ಕ ಹೊರಟಳು. ಕೂಸನ್ನು ಎತ್ತಿಕೊಳ್ಳಲು ಜೊತೆಗೆ ನಾನು.

ವೈದ್ಯರು ಅಕ್ಕನನ್ನು ಚೆನ್ನಾಗಿಯೇ ವಿಚಾರಿಸಿಕೊಂಡರು. ಒಗ್ಗರಣೆಗೆ ಮೆಣಸಿನಕಾಯಿ ಹಾಕುತ್ತೀಯಾ, ಹುಣಸೆ ಬಳಸುತ್ತೀಯಾ, ಕಷಾಯ ಸರಿಯಾಗಿ ಬತ್ತಿಸುತ್ತೀಯಾ. ಅಕ್ಕ ಎಲ್ಲದಕ್ಕೂ ಉತ್ತರ ಕೊಟ್ಟಳು. ಅವರ ಪ್ರಶ್ನೆ ಮುಗಿದ ಮೇಲೆ ಸೆರಗು ಇಳಿಸಿ, ಗಂಡನ ಎದುರಿಗೇ ತುರುಬು ಬಿಚ್ಚಿ, ತಲೆ ಬಗ್ಗಿಸಿದಳು.

"ಇದಕ್ಕ ಏನಂತಾರ್ರಿ?"

ಭಾವ ಗೋಡೆಯ ಕಡೆ ನೋಡಿದರು. ವೈದ್ಯರು ಅಕ್ಕನ ನಾಡಿ ಹಿಡಿದರು.

"ಹಡದವರಿಗೆ ಆಗೂದ ಐತಿ, ತಂಗಿ. ಮೈಯಾಗ ರಗತ ಕಡಿಮಿ ಆಗೈತಿ, ವಾತ ಹೆಚ್ಚಾಗೈತಿ. ಹಾಲು, ತುಪ್ಪ, ಎಳ್ಳು ತಿನ್ನು. ಮುಖ್ಯ, ನಿದ್ದಿ ಮಾಡು."

"ನಿದ್ದಿ ಯಾವ ಅಂಗಡ್ಯಾಗ ಸಿಗತೈತ್ರಿ?"

ಅಕ್ಕ ನಗುತ್ತಿರಲಿಲ್ಲ. ವೈದ್ಯರೂ ನಗಲಿಲ್ಲ. ಭಾವನ ಕಡೆ ತಿರುಗಿ, ಕೂಸು ಅತ್ತರೆ ನಿಮ್ಮ ಮನೆಯಲ್ಲಿ ಯಾರು ಏಳುತ್ತಾರೆ ಎಂದು ಕೇಳಿದರು. ಸಭೆಯಲ್ಲಿ ಯಾರಿಗೂ ಮಾತು ಬಾಕಿ ಇಡದ ಭಾವ ಮೀಸೆಯ ಕಡೆ ಕೈ ಎತ್ತಿ, ಅರ್ಧದಿಂದಲೇ ಇಳಿಸಿದರು.

ಮನೆಗೆ ಬಂದ ಮೇಲೆ ಅಕ್ಕ ವೈದ್ಯರ ಮಾತನ್ನು ಅತ್ತೆಗೆ ಒಪ್ಪಿಸಿದಳು. ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದಳು: ಅಡುಗೆಯವಳು ನಿದ್ದೆಗೆಟ್ಟರೆ ಕಷಾಯ ಕೆಡುತ್ತದೆ, ಕಷಾಯ ಕೆಟ್ಟರೆ ಮೀಸೆ ಬರುವುದಿಲ್ಲ. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎಂದೆ. ಅಂದಿನಿಂದ ಹಾಲು ಕುಡಿಸಿದ ಮೇಲೆ ಕೂಸು ಅತ್ತೆಯ ಹಾಸಿಗೆಗೆ ಹೋಗುತ್ತಿತ್ತು. ತುಪ್ಪದ ಡಬ್ಬಿ ಅಕ್ಕನ ಕೈಗೂ ಬಂತು. ಚಟ್ನಿಯ ಭರಣಿಯನ್ನು ನಾವಿಬ್ಬರೇ ಅಟ್ಟದಿಂದ ಇಳಿಸಿದೆವು. ಸಪ್ಪೆ ಊಟ ಪಿತ್ತಕ್ಕೆ, ವಾತಕ್ಕಲ್ಲ ಎಂದು ಅಕ್ಕ ತೀರ್ಪು ಕೊಟ್ಟಳು. ಅಷ್ಟರಲ್ಲಿ ಅವಳೂ ಅರ್ಧ ವೈದ್ಯೆಯಾಗಿದ್ದಳು. ಮೀಸೆಗೆಂದು ತಂದ ಎಣ್ಣೆಯ ಹೆಚ್ಚಿನ ಪಾಲು ಅವಳ ನೆತ್ತಿಗೆ ಹೋಯಿತು.

ಕಬ್ಬು ಕಡಿಯುವ ಹೊತ್ತಿಗೆ ಅಕ್ಕನ ಹಣೆಯ ಮೇಲೆ ಗಿಡ್ಡ ಕೂದಲು ಮೂಡಿ, ಎಷ್ಟು ನೀರು ಸವರಿದರೂ ನೆಟ್ಟಗೆ ನಿಲ್ಲುತ್ತಿತ್ತು. ಭಾವನ ಮೀಸೆಯೂ ಬಂತು. ಆದರೆ ಆ ಎಂಟಾಣೆ ಜಾಗದಲ್ಲಿ ಬಂದದ್ದು ಹತ್ತಿಯಂಥ ಬಿಳಿ ಕೂದಲು. ಗೋಕಾಕಿನ ಡಾಕ್ಟರು ಇಂಜೆಕ್ಷನ್ ಈಗ ಹತ್ತಿತು ಎಂದರು. ನಿಡಸೋಸಿಯ ವೈದ್ಯರು ಕಷಾಯ ಎಂದರು. ಅತ್ತೆ ಬಸದಿಗೆ ಹೊತ್ತ ಹರಕೆ ಎಂದರು. ಬಿಳಿ ಬಣ್ಣದ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ. ಭಾವ ಕಪ್ಪು ಹಚ್ಚಿ ನೋಡಿದರು, ತುಟಿ ಬಾತುಕೊಂಡಿತು. ಕೊನೆಗೆ ಇಡೀ ಮೀಸೆ ಬೋಳಿಸಿಕೊಂಡು ಬಂದಾಗ ಕೂಸು ಗುರುತು ಹಿಡಿಯದೆ ಅತ್ತಿತು.

ಆಮೇಲೊಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಅಕ್ಕನ ತಲೆಗೆ ಎಣ್ಣೆ ತಿಕ್ಕುತ್ತಿದ್ದೆ. ಗಂಡಸರು ಹೊಲಕ್ಕೆ ಹೋಗಿದ್ದರು. ಅತ್ತೆ ಬಂದು ನಮ್ಮ ಎದುರಿಗೆ ಕೂತು ತಮ್ಮ ತುರುಬು ಬಿಚ್ಚಿದರು. ಅದರಲ್ಲಿ ಮುಕ್ಕಾಲು ಪಾಲು ಚೌರಿಯೇ. ಅದನ್ನು ತೆಗೆದು ಬದಿಗಿಟ್ಟಾಗ ಅವರದೆಂದು ಉಳಿದ ಕೂದಲು ಕಿರುಬೆರಳಿನಷ್ಟೂ ದಪ್ಪವಿರಲಿಲ್ಲ.

"ನಾಕ ಹಡದೇನಿ," ಎಂದರು. "ನನ್ನ ಯಾರೂ ಎಲ್ಲಿಗೂ ಕರಕೊಂಡ ಹೋಗಲಿಲ್ಲ. ಉಳದಿದ್ರ ಒಂದೀಟು ಹಚ್ಚ."

ಅಕ್ಕ ಎಣ್ಣೆಯ ಬಟ್ಟಲು ಎತ್ತಿಕೊಂಡು ಅವರ ಹಿಂದೆ ಹೋಗಿ ಕೂತಳು.