ಕೆಂಪನಂಜಪ್ಪನವರ ಜಗಲಿಯ ಆಟ

ರಾಮಲಿಂಗಯ್ಯ ಆ ಆಟ ಸೋತದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ರೇಷ್ಮೆಗೂಡು ತಂದು ಮಾರಿ, ಮನೆ ಮಠ ಮರೆತು ಯಾರದಾದರೂ ಜಗಲಿಯಲ್ಲಿ ಚದುರಂಗ ನೋಡುತ್ತ ಕೂರುವ ಹುಚ್ಚು ನನ್ನದು. ಗೆದ್ದ ಆಟವನ್ನು ಹಾಗೆ ಕೈಯಾರೆ ಕೊಟ್ಟವರನ್ನು ಮತ್ತೆ ಕಂಡಿಲ್ಲ.

ರಾಮಲಿಂಗಯ್ಯ ನೇಕಾರರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದೇ ತಲೆ ನರೆತಿತ್ತು. ಮಂಡಿ ಹಿಡಿದುಕೊಂಡು, ಏಳಬೇಕಾದರೆ ಹೆಂಡತಿ ರಂಗಮ್ಮ ಕೈ ಕೊಡಬೇಕು. ನೂಲು ಕೊಡುವವರೂ ಸೀರೆ ಒಯ್ಯುವವರೂ ಕೆಂಪನಂಜಪ್ಪ ಸಾಹುಕಾರರು. ಅವರು ಕಳಿಸಿದ ಹಾಸು, ಅಂದರೆ ಉದ್ದದ ಎಳೆಗಳು, ಮಗ್ಗದ ಮೇಲಿರುವಾಗ ನೇಕಾರ ಬಿಟ್ಟು ಹೋಗುವಂತಿಲ್ಲ. ಅದು ಕೇರಿಯ ಕಟ್ಟು. ಒಂದು ಹಾಸು ಮುಗಿಯುವ ಮೊದಲೇ ಸಾಹುಕಾರರು ಇನ್ನೊಂದನ್ನು ಕಳಿಸುತ್ತಿದ್ದರು. ಹಳೆಯ ಎಳೆಗಳ ತುದಿಗೆ ಹೊಸ ಎಳೆ ಹೊಸೆದು ಸೇರಿಸಿದರೆ ಮತ್ತೆ ಗುಂಡಿಯೇ ಗತಿ. ಆ ಮಗ್ಗ ಬರಿದಾದದ್ದನ್ನು ಯಾರೂ ಕಂಡಿರಲಿಲ್ಲ.

ಆ ವರ್ಷ ಯಳಂದೂರಿನಲ್ಲಿ ನೇಯ್ಗೆ ಕಲಿಸಲು ಜನ ಬೇಕೆಂದರು. ಯಳಂದೂರು ಮೈಸೂರು ಸಂಸ್ಥಾನದ್ದು, ನಾವು ಆಗ ಮದ್ರಾಸ್ ಪ್ರಾಂತ್ಯದವರು. ಆದರೂ ಮೂರೇ ಹರದಾರಿ ದಾರಿ, ಗುಂಡಿಗಿಳಿಯದೆ ಮಾಡುವ ಕೆಲಸ. ರಾಮಲಿಂಗಯ್ಯ ಹೋಗಲು ಅಪ್ಪಣೆ ಕೇಳಿದಾಗ ಸಾಹುಕಾರರು ನಕ್ಕರು.

"ಚದುರಂಗದಲ್ಲಿ ನನ್ನ ಸೋಲ್ಸು. ಗೆದ್ರೆ ಹೊಸ ಹಾಸು ಕಳ್ಸಕಿಲ್ಲ, ಓಗು. ಸೋತ್ರೆ ಯಳಂದೂರು ಮಾತು ಎತ್ಬ್ಯಾಡ ಕಣಯ್ಯ."

ರಂಗಮ್ಮ ಅಂದೇ ಪಾತ್ರೆಪಡಗ ಮೂಟೆ ಕಟ್ಟಿದರು. ಕೇರಿಯಲ್ಲಿ ಅವರ ಗಂಡನನ್ನು ಸೋಲಿಸಿದವರಿರಲಿಲ್ಲ.

ನಮ್ಮ ಸೀಮೆಯ ಚದುರಂಗದಲ್ಲಿ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ರಾಜನ ಮೇಲೆ ಏಟು ಹಾಕುವವನು "ಷಾ" ಎಂದು ಬಾಯಿಬಿಟ್ಟು ಕೂಗಬೇಕು; ಎದುರಾಳಿ ಹಾಗೆ ಒಮ್ಮೆ ಷಾ ಕೊಟ್ಟನೋ, ಜಿಗಿಯುವ ಹಕ್ಕು ಹೋಯಿತು. ಸಾಹುಕಾರರ ಜಗಲಿಯಲ್ಲಿ ನಡೆದ ಆ ಆಟದಲ್ಲಿ ರಾಮಲಿಂಗಯ್ಯ ರಾಜನನ್ನು ಜಿಗಿಸಲಿಲ್ಲ. ಏಟು ಬೀಳುವ ಮೊದಲೇ ರಾಜ ಓಡಿದರೆ ಜಗಲಿಯಲ್ಲಿ ಕೂತವರು ಹೇಡಿ ಎಂದು ನಗುತ್ತಾರಂತೆ. ನಗಲಿ ಬಿಡಿ ಮಹರಾಯರೆ! ಕೆಂಪನಂಜಪ್ಪ ಒಂಟೆಯನ್ನೇ ಬಲಿಕೊಟ್ಟು "ಷಾ!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಒಂಟೆ ಪುಕ್ಕಟೆ ಸಿಕ್ಕಿತು. ಜಿಗಿಯುವ ಹಕ್ಕು ಹೋಗಿ, ರಾಮಲಿಂಗಯ್ಯನವರ ರಾಜ ಮಾತ್ರ ಮೂಲೆಯಲ್ಲಿ ತನ್ನ ಕಾಲಾಳುಗಳ ನಡುವೆಯೇ ಸಿಕ್ಕಿಬಿದ್ದ.

ಆದರೂ ಆಟ ಹೋಗಿರಲಿಲ್ಲ. ಗೆಲ್ಲುವ ಆತುರದಲ್ಲಿ ಸಾಹುಕಾರರು ಮಂತ್ರಿಯನ್ನು ಕೆಟ್ಟ ಮನೆಗೆ ತಂದರು. ಈಗ ರಾಮಲಿಂಗಯ್ಯನವರ ಕುದುರೆ ಒಂದು ನೆಗೆತ ನೆಗೆದರೆ ಅತ್ತ ಸಾಹುಕಾರರ ರಾಜನಿಗೆ ಷಾ, ಇತ್ತ ಮಂತ್ರಿಗೂ ಏಟು. ರಾಜ ಸರಿಯಲೇಬೇಕು, ಮಂತ್ರಿ ಕೈಗೆ ಬರಲೇಬೇಕು. ಅವರ ಕೈ ಕುದುರೆಯವರೆಗೂ ಹೋಯಿತು. ಹೋದ ಕೈ ಹಿಂದಕ್ಕೆ ಬಂದು, ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿತು. ಸಾಹುಕಾರರು ಮಂತ್ರಿಯನ್ನು ಉಳಿಸಿಕೊಂಡರು. ಆಮೇಲೆ ನೋಡಲು ಏನೂ ಉಳಿಯಲಿಲ್ಲ.

ಮಧ್ಯಾಹ್ನಕ್ಕೇ ಹೊಸ ಹಾಸು ಬಂತು. ನಾನು ತಡೆಯಲಾರದೆ ನೇಕಾರರ ಮನೆಗೆ ನುಗ್ಗಿದೆ. ರಾಮಲಿಂಗಯ್ಯ ಆಗಲೇ ಮಗ್ಗದಲ್ಲಿ ಕೂತು ಎಳೆ ಸೇರಿಸುತ್ತಿದ್ದರು. ರಂಗಮ್ಮ ಮೂಟೆ ಬಿಚ್ಚುತ್ತಿದ್ದರು.

"ಆ ಕುದುರೆ ನೆಗ್ತ ಕಾಣ್ನಿಲ್ವಾ ನಿಮ್ಗೆ? ಕಣ್ಣು ಮನೇಲಿ ಬುಟ್ ಬಂದಿದ್ರಾ?" ಎಂದು ರೇಗಿದೆ.

"ಕಂಡಿತ್ತು ಗುರುಪಾದಣ್ಣ," ಎಂದರು. "ಷಾ ಅನ್ಬೇಕಿತ್ತಲ್ಲ, ಸಾವ್ಕಾರ್ರ ಮೊಕ ನೋಡ್ಕಂಡು. ಬಾಯೇ ಬರ್ನಿಲ್ಲ."

ನನಗೆ ಅವರ ಮೇಲೆ ಬಂದ ಸಿಟ್ಟಿನಲ್ಲಿ ಅಳುವೂ ಬಂತು. "ಈಗ ಅನ್ನಿ. ಇಲ್ಲಿ ಇರಾದು ನಾವು ಮೂರೇ ಜನ. ಒಂದ್ಸಲ ಅನ್ನಿ, ಕೇಳಾನ."

ರಂಗಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಗಂಡನ ಮುಖ ನೋಡಿದರು. ರಾಮಲಿಂಗಯ್ಯ ಬಾಯಿ ತೆರೆದರು. ತೆರೆದು ಬಾಗಿಲ ಕಡೆ ನೋಡಿದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಬಾಯಿ ಮುಚ್ಚಿ, ತಲೆ ತಗ್ಗಿಸಿ, ಮುಂದಿನ ಎಳೆಯನ್ನು ಹೊಸೆಯತೊಡಗಿದರು.