ಸಿಗದ ಹಾಗೆ ಮಾಡಿದ ಕಣ

ಜನ್ನಾಪುರದ ಬಟ್ಟೆ ಅಂಗಡಿ ಮುರುಗೇಶಪ್ಪನವರಿಗೆ ಮಗಳ ಸಂಶೋಧನೆ ಅರ್ಥವಾಗಿದ್ದು ಇಷ್ಟೇ: ಆಕಾಶದಲ್ಲಿ ಕಣ್ಣಿಗೆ ಕಾಣದ ಏನೋ ತುಂಬಿಕೊಂಡಿದೆ, ಅದನ್ನು ತನುಜಾ ಹುಡುಕುತ್ತಿದ್ದಾಳೆ. ಸೀರೆ ನೋಡಲು ಬಂದವರನ್ನೂ ಕೂರಿಸಿಕೊಂಡು ಅದನ್ನೇ ಹೇಳುತ್ತಿದ್ದರು. ಬೇಸತ್ತು ಸೀರೆ ಕೊಳ್ಳದೆ ಎದ್ದು ಹೋದವರೂ ಉಂಟು.

ತನುಜಾ ಶಿವಮೊಗ್ಗದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ ಪಿಎಚ್‌ಡಿಗೆ ಬಿದ್ದವಳು. ಗ್ಯಾಲಕ್ಸಿಗಳ ಅಂಚಿನ ನಕ್ಷತ್ರಗಳು ಓಡುವ ವೇಗಕ್ಕೆ ಎಂದೋ ಚದುರಿ ಹೋಗಬೇಕಿತ್ತು; ಕಾಣದ ಯಾವುದೋ ದ್ರವ್ಯ ಅವನ್ನು ಹಿಡಿದಿಟ್ಟಿದೆ. ಅದು ಎಂಥ ಕಣಗಳಿಂದ ಆಗಿದೆಯೋ ಯಾರಿಗೂ ಗೊತ್ತಿಲ್ಲ. ಇವಳು ಲೆಕ್ಕ ಹಾಕಿ ಅಂಥದೊಂದು ಕಣವನ್ನು ಕಲ್ಪಿಸಿದ್ದಳು. ನಮ್ಮ ನಿಮ್ಮ ಪರಮಾಣುಗಳ ಜೊತೆ ಅದಕ್ಕೆ ಸಣ್ಣದೊಂದು ನಂಟು. ಭೂಮಿಯ ಆಳದಲ್ಲಿ ಕಾಯುತ್ತಿರುವ ಯಂತ್ರಗಳಿಗೆ ಎಂದಾದರೂ ಒಮ್ಮೆ ತಾಗಲೇಬೇಕು. ಆ ಕಣದ ಮೇಲೆ ಅವಳಿಗೆ ಮಮತೆಯೇ ಇತ್ತು.

ತಾಗಲಿಲ್ಲ. ಯಂತ್ರದವರು ಏನೂ ಕಾಣಲಿಲ್ಲ ಎಂದಾಗ ಗೈಡ್ ವೆಂಕಟಾಚಲ, "ನಂಟನ್ನ ಸ್ವಲ್ಪ ತೆಳ್ಳಗೆ ಮಾಡಮ್ಮ" ಎಂದರು. ಮಾಡಿದಳು. ಇನ್ನೂ ಸೂಕ್ಷ್ಮವಾದ ಯಂತ್ರ ಬಂತು, ಅದಕ್ಕೂ ಕಾಣಲಿಲ್ಲ, ಮತ್ತೆ ತೆಳ್ಳಗೆ. ಈ ಸಲವಂತೂ ನಂಟು ಎಷ್ಟು ಸವೆಯಿತೆಂದರೆ, ಮನುಷ್ಯರು ಕಟ್ಟಬಹುದಾದ ಯಾವ ಯಂತ್ರಕ್ಕೂ ಆ ಕಣ ಸಿಗುವಂತಿರಲಿಲ್ಲ. "ಇನ್ನು ಇದನ್ನ ಯಾರೂ ತಪ್ಪು ಅನ್ನಕ್ಕಾಗಲ್ಲ, ಥೀಸಿಸ್ ಕೊಟ್ಟುಬಿಡು" ಎಂದರು ಗೈಡ್. ತಲೆಯಾಡಿಸಿ ಮನೆಗೆ ಬಂದಳು.

ಆ ಭಾನುವಾರ ಆಲ್ಕೊಳದಲ್ಲಿ ಅವರ ಸಮಾಜದವರಿಂದ ತನುಜಾಗೆ ಸನ್ಮಾನ. ಫ್ಲೆಕ್ಸ್‌ನ ಫೋಟೊ ಮೊದಲೇ ಮೊಬೈಲಿಗೆ ಬಂದಿತ್ತು: "ಅಗೋಚರ ಕಣ ಕಂಡುಹಿಡಿದ ಸಾಧಕಿ". ಬಸ್ಸಿನಲ್ಲಿ ಅಪ್ಪ ಕೇಳಿದರು, "ಅಲ್ವೇ, ಅದು ಮಷೀನಿಗೆ ಸಿಗೋದು ಯಾವಾಗ?"

"ಸಿಗಲ್ಲ ಅಪ್ಪಾಜಿ. ಸಿಗದೇ ಇರೋ ಹಾಗೆ ನಾನೇ ಮಾಡ್ಬಿಟ್ಟಿದೀನಿ."

ಮುರುಗೇಶಪ್ಪ ಯೋಚಿಸಿದರು. "ಅಂದ್ರೆ ನೀನು ಹೇಳಿದ್ದು ಸುಳ್ಳು ಅಂತ ಯಾರೂ ತೋರಿಸಕ್ಕಾಗಲ್ಲ?"

"ಆಗಲ್ಲ."

"ಮತ್ತೆ ಒಳ್ಳೇದೇ ಆಯ್ತಲ್ಲ ಮಾರಾಯ್ತಿ." ಅವರ ಮುಖ ಅರಳಿತು.

ಗೈಡ್ ಬಾಯಲ್ಲಿ ಉಪಾಯದಂತೆ ಕೇಳಿಸಿದ ಮಾತು ಅಪ್ಪನ ಬಾಯಲ್ಲಿ ಬಂದಾಗ ಅವಳಿಗೆ ನಾಚಿಕೆಯಾಯಿತು. ಸುಳ್ಳೆಂದು ತೋರಿಸಲಾಗದ್ದನ್ನೇ ನಿಜ ಎಂದುಕೊಂಡು ಇಷ್ಟು ಸಂತೋಷಪಡುವ ಮನುಷ್ಯನ ಪಕ್ಕದಲ್ಲಿ ಕೂರುವುದೇ ಕಷ್ಟವಾಯಿತು.

ವೇದಿಕೆಯಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕ್ ಕೈಗಿತ್ತರು. "ನಾನು ಏನೂ ಕಂಡುಹಿಡಿದಿಲ್ಲ" ಎಂದಳು ತನುಜಾ. "ನಾನು ಮೊದಲು ಹೇಳಿದ ಕಣ ಇದ್ದಿದ್ರೆ ಇಷ್ಟರಲ್ಲಿ ಕಾಣಬೇಕಿತ್ತು. ಕಾಣಲಿಲ್ಲ. ಅದು ಇಲ್ಲ. ಥೀಸಿಸ್‌ನಲ್ಲೂ ಹಾಗೇ ಬರೀತೀನಿ." ಚಪ್ಪಾಳೆ ತಟ್ಟಬೇಕೋ ಬೇಡವೋ ಸಭೆಗೆ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಮುರುಗೇಶಪ್ಪ ತಲೆ ತಗ್ಗಿಸಿ ಕೂತಿದ್ದರು.

ವಾಪಸು ಬರುವಾಗ ಅಪ್ಪ ಆ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಜನ್ನಾಪುರದಲ್ಲಿ ಇಳಿದಾಗ ಪಕ್ಕದ ಅಂಗಡಿಯ ಜಟ್ಟಪ್ಪ ಕೇಳಿದ, "ಏನ್ರೀ, ಸಿಕ್ತಂತಾ ನಿಮ್ಮ ಹುಡುಗಿ ಹುಡುಕ್ತಿದ್ದಿದ್ದು?"

ಮುರುಗೇಶಪ್ಪ ಮಗಳ ಕಡೆ ನೋಡಲಿಲ್ಲ. "ಇಲ್ಲಪ್ಪ. ಅಂಥದ್ದು ಇಲ್ಲ ಅಂತ ಅವಳೇ ಹೇಳಿದ್ಲು" ಎಂದು ಅಂಗಡಿಯ ಬೀಗ ತೆಗೆದು ಒಳಗೆ ಹೋದರು.

ಅವತ್ತಿನಿಂದ ಅಂಗಡಿಗೆ ಬಂದವರಿಗೆ ಅವರು ಬರೀ ಸೀರೆ ತೋರಿಸುತ್ತಾರೆ.